ದೇವರಿಲ್ಲವೆಂಬುವದು ಬುದ್ಧಿಗೆ ಒಪ್ಪುವ ಮಾತೋ?

(ಓದತಕ್ಕ ವೇದಭಾಗಗಳು: ಕೀರ್ತನೆ ೧೪, ೧ ಸಮುವೇಲ ೨೫)



ನಮ್ಮ ಸಭೆಗಳ ಮನೆಗಳಿಂದ ಮಕ್ಕಳು ಪಟ್ಟಣದ ಕಾಲೇಜುಗಳಿಗೆ ಹೋಗಿ ವಿದ್ಯೆ ಕಲಿಯುವದು ದೇವರ ಉಪಕಾರವೇ ಸರಿ. ಆದರೆ ಅವರಲ್ಲಿ ಕೆಲವರು ರಜೆಗೆ ಊರಿಗೆ ಬಂದಾಗ, ವಿಚಾರವಂತನು ದೇವರನ್ನು ನಂಬಲಾರನು, ನಂಬಿಕೆಯು ಓದುಬರಹವಿಲ್ಲದವರಿಗೆ ಸಲ್ಲುವಂಥದು ಎಂದು ಹೇಳುವದುಂಟು. ತಂದೆತಾಯಿಗಳು ಅದನ್ನು ಕೇಳಿ ಕೋಪಗೊಂಡು, ಹದಿನಾಲ್ಕನೆಯ ಕೀರ್ತನೆಯನ್ನು ತೋರಿಸಿ, ನೀನು ಮೂಢನು ಎಂದು ಗದರಿಸಿಬಿಡುತ್ತಾರೆ. ಗದರಿಸಿದ ಮಾತ್ರಕ್ಕೆ ಮಗನ ಪ್ರಶ್ನೆಗೆ ಉತ್ತರವಾಯಿತೋ? ಆ ಕೀರ್ತನೆಯು ಯಾರನ್ನು ಮೂಢನೆಂದು ಕರೆಯುತ್ತದೆಂಬದನ್ನು ಮೊದಲು ವಿಚಾರಿಸೋಣ.

ಅಲ್ಲಿ ಉಪಯೋಗಿಸಲ್ಪಟ್ಟ ಇಬ್ರಿಯ ಶಬ್ದವು ನಾಬಾಲ್ ಎಂಬದೇ. ಅದೇ ಶಬ್ದವು ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಒಬ್ಬ ಮನುಷ್ಯನ ಹೆಸರಾಗಿ ಬರುತ್ತದೆ. ಆ ನಾಬಾಲನು ಮೂರು ಸಾವಿರ ಕುರಿಗಳೂ ಒಂದು ಸಾವಿರ ಆಡುಗಳೂ ಇದ್ದ ದೊಡ್ಡ ಆಸ್ತಿವಂತನು. ದಾವೀದನ ಜನರು ಅಡವಿಯಲ್ಲಿ ಹಗಲಿರುಳು ಅವನ ಮಂದೆಗಳಿಗೆ ಕಾವಲಾಗಿದ್ದರು. ಉಣ್ಣೆ ಕತ್ತರಿಸುವ ಕಾಲದಲ್ಲಿ ಅವರು ಬಂದು ಆಹಾರ ಕೇಳಲಾಗಿ, ಅವನು ದಾವೀದನೆಂಬವನನ್ನು ಅರಿಯದವನ ಹಾಗೆ ಮಾತಾಡಿ ಅವರನ್ನು ಬರಿಗೈಯಲ್ಲಿ ಕಳುಹಿಸಿದನು. ಉಪಕಾರವನ್ನು ಅನುಭವಿಸಿ ಉಪಕಾರಿಯನ್ನು ಅಲ್ಲಗಳೆಯುವದೇ ವೇದವು ಹೇಳುವ ಮೂಢತನವು. ಆದಕಾರಣ ಆ ಕೀರ್ತನೆಯು ಓದಿದವನ ಜಾಣತನವನ್ನು ಹಳಿಯುವದಿಲ್ಲ. ನೀನು ಅನುಭವಿಸುತ್ತಿರುವದು ಯಾರಿಂದ ಬಂತೆಂದು ಅವನನ್ನು ಕೇಳುತ್ತದೆ.

ಹಾಗಾದರೆ ನಾಸ್ತಿಕನು ಅನುಭವಿಸುವ ಉಪಕಾರವು ಯಾವದು? ಮಳೆಬೆಳೆಗಳ ಮಾತು ಹಾಗಿರಲಿ; ದೇವರಿಲ್ಲವೆಂದು ವಾದಿಸುವದಕ್ಕೆ ಅವನು ಉಪಯೋಗಿಸುವ ಬುದ್ಧಿಯನ್ನೇ ನೋಡಿರಿ. ಸಂತೆಯಲ್ಲಿ ವರ್ತಕನೊಬ್ಬನು ಹೊಲದಲ್ಲಿ ಬಿದ್ದಿದ್ದ ಕಲ್ಲನ್ನು ತಕ್ಕಡಿಯಲ್ಲಿಟ್ಟು, ಇದು ಸರಿಯಾಗಿ ಒಂದು ಕಿಲೋ ಎಂದರೆ ನೀವು ಒಪ್ಪುವಿರೋ? ಇದನ್ನು ಪರೀಕ್ಷಿಸಿದವರು ಯಾರು, ಸರಕಾರದ ಮುದ್ರೆ ಎಲ್ಲಿ ಎಂದು ಕೇಳುವಿರಿ. ಆ ಕಲ್ಲು ಅಕಸ್ಮಾತ್ತಾಗಿ ಒಂದು ಕಿಲೋ ಇದ್ದರೂ ಇರಬಹುದು. ಆದರೂ ಅದನ್ನು ನಂಬುವದಕ್ಕೆ ನಿಮಗೆ ಆಧಾರವಿಲ್ಲ. ನಾಸ್ತಿಕನು ಸತ್ಯಾಸತ್ಯಗಳನ್ನು ತೂಗುವ ಕಲ್ಲು ಅವನ ಬುದ್ಧಿಯೇ. ಅದು ಜ್ಞಾನವೂ ಉದ್ದೇಶವೂ ಇಲ್ಲದ ಶಕ್ತಿಗಳಿಂದಲೇ ಉಂಟಾಯಿತೆಂದು ಅವನು ಹೇಳುವದಾದರೆ, ಅದರ ತೂಕವು ಸರಿಯೆಂದು ಹೇಗೆ ನಂಬುವನು?

ಇದಕ್ಕೆ ಅವನ ಉತ್ತರವೂ ಉಂಟು: ತಪ್ಪಾಗಿ ಗ್ರಹಿಸಿದ ಜೀವಿಗಳು ನಾಶವಾದವು, ಸರಿಯಾಗಿ ಗ್ರಹಿಸಿದವುಗಳು ಉಳಿದವು, ಹೀಗೆ ಕಾಲವೇ ಆ ಕಲ್ಲನ್ನು ಪರೀಕ್ಷಿಸಿತು ಎಂಬದೇ. ಈ ಉತ್ತರವನ್ನು ಹಗುರವಾಗಿ ಎಣಿಸಬಾರದು. ಹಳ್ಳವೆಲ್ಲಿ, ಹುಲಿಯೆಲ್ಲಿ ಎಂದು ತಿಳಿಯದ ಪ್ರಾಣಿಯು ಬದುಕದು. ಆದರೆ ಬದುಕಿಗೆ ಉಪಯೋಗವಾದದ್ದೆಲ್ಲಾ ಸತ್ಯವಾಗಿರಬೇಕೆಂದಿಲ್ಲ. ಎಲೆ ಅಲುಗಿದಾಗಲೆಲ್ಲಾ ಹುಲಿ ಬಂತೆಂದು ಓಡುವ ಜಿಂಕೆಯು ಎಷ್ಟು ಸಾರಿ ತಪ್ಪು ತಿಳಿದರೂ ಬದುಕಿಕೊಳ್ಳುತ್ತದೆ. ಮೇವನ್ನೂ ಅಪಾಯವನ್ನೂ ಅರಿಯುವದಕ್ಕಾಗಿ ಬೆಳೆದ ಬುದ್ಧಿಯು, ಲೋಕಕ್ಕೆ ಕರ್ತನುಂಟೋ ಇಲ್ಲವೋ ಎಂಬದನ್ನು ಸರಿಯಾಗಿ ತೂಗುವದೆಂಬದಕ್ಕೆ ಹೊಣೆ ಯಾರು?

ಜೀವಿಗಳ ವಿಕಾಸವನ್ನು ಕುರಿತು ಬರೆದ ಚಾರ್ಲ್ಸ್ ಡಾರ್ವಿನ್ ಎಂಬ ಪಂಡಿತರಿಗೂ ಇಂಥ ಸಂಶಯವು ಬಂತು. ಅವರು ೧೮೮೧ರಲ್ಲಿ ವಿಲಿಯಂ ಗ್ರಹಾಂ ಎಂಬವರಿಗೆ ಪತ್ರ ಬರೆದು, ವಿಶ್ವವು ಆಕಸ್ಮಿಕವಾಗಿ ಉಂಟಾದದ್ದಲ್ಲವೆಂದು ತಮ್ಮ ಅಂತರಂಗಕ್ಕೂ ತೋರುತ್ತದೆಂದು ಒಪ್ಪಿದರು. ಆದರೆ ಕೆಳತರದ ಪ್ರಾಣಿಗಳ ಮನಸ್ಸಿನಿಂದ ಬೆಳೆದು ಬಂದ ಮನುಷ್ಯನ ಮನಸ್ಸಿನ ನಿಶ್ಚಯಗಳನ್ನು ನಂಬಬಹುದೋ ಎಂದು ಸಂಶಯಪಟ್ಟರು. ಪ್ರಿಯರೇ, ಈ ಸಂಶಯವು ಎರಡಲಗಿನ ಕತ್ತಿಯು. ಅದು ಆಸ್ತಿಕನ ನಿಶ್ಚಯವನ್ನು ಕಡಿಯುವದಾದರೆ ನಾಸ್ತಿಕನ ನಿಶ್ಚಯವನ್ನೂ ಕಡಿಯದೆ ಬಿಡದು. ವಿಕಾಸವು ನಡೆಯಿತೋ ಇಲ್ಲವೋ ಎಂಬದು ಇಲ್ಲಿಯ ಪ್ರಶ್ನೆಯಲ್ಲ. ಸತ್ಯಸ್ವರೂಪನಾದ ದೇವರು ಆ ಮಾರ್ಗದಿಂದಲೇ ನಮಗೆ ಬುದ್ಧಿಯನ್ನು ಕೊಟ್ಟಿದ್ದರೂ, ಆ ಕಲ್ಲಿನ ಮೇಲೆ ಆತನ ಮುದ್ರೆ ಇದ್ದೇ ಇರುವದು.

ಈ ವಾದವನ್ನು ಸಿ. ಎಸ್. ಲೂಯಿಸ್ ಎಂಬ ಕ್ರೈಸ್ತ ಲೇಖಕರು ೧೯೪೭ರಲ್ಲಿ ಅದ್ಭುತಗಳನ್ನು ಕುರಿತ ತಮ್ಮ ಪುಸ್ತಕದಲ್ಲಿ ಮುಂದಿಟ್ಟರು. ೧೯೪೮ರಲ್ಲಿ ಆಕ್ಸ್‌ಫರ್ಡಿನ ಒಂದು ಚರ್ಚಾಕೂಟದಲ್ಲಿ ಎಲಿಜಬೆತ್ ಆನ್‌ಸ್ಕಂಬ್ ಎಂಬ ವಿದುಷಿಯು, ತಾವೂ ಕ್ರೈಸ್ತರಾಗಿದ್ದು, ಆ ವಾದದಲ್ಲಿದ್ದ ದೋಷಗಳನ್ನು ಎಲ್ಲರ ಮುಂದೆ ಎತ್ತಿ ತೋರಿಸಿದರು. ಲೂಯಿಸರು ಆ ಅಧ್ಯಾಯವನ್ನು ತಿದ್ದಿ ಬರೆದು ೧೯೬೦ರಲ್ಲಿ ಪ್ರಕಟಿಸಿದರು. ೧೯೯೩ರಲ್ಲಿ ಆಲ್ವಿನ್ ಪ್ಲಾಂಟಿಂಗ ಎಂಬ ತತ್ವಜ್ಞಾನಿಗಳು ಇಂಥ ವಾದವನ್ನೇ ಇನ್ನೊಂದು ರೀತಿಯಲ್ಲಿ ಬೆಳೆಸಿದರು. ಪಂಡಿತರಲ್ಲಿ ಇದರ ಚರ್ಚೆಯು ಇನ್ನೂ ಮುಗಿದಿಲ್ಲ. ಸತ್ಯದ ಪಕ್ಷದಲ್ಲಿದ್ದೇವೆಂಬ ಧೈರ್ಯದಿಂದ ನಾವೇ ಕಳ್ಳತೂಕವನ್ನು ಹಿಡಿಯಬಾರದೆಂಬ ಬುದ್ಧಿವಾದವು ಇದರಿಂದ ನಮಗುಂಟು.

ಈ ವಾದಕ್ಕೆ ಮೇರೆಯೂ ಉಂಟು. ನಾಸ್ತಿಕನಿಗೆ ವಿಚಾರಶಕ್ತಿ ಇಲ್ಲವೆಂದು ಇದು ಹೇಳುವದಿಲ್ಲ. ಅವನು ಚೆನ್ನಾಗಿ ವಿಚಾರಿಸಬಲ್ಲನು, ಅನೇಕ ಸಾರಿ ನಮಗಿಂತ ಚೆನ್ನಾಗಿ. ಬುದ್ಧಿಗೆ ದಾತನುಂಟೆಂದು ತೋರಿಸುವದು ಇದರ ಕೆಲಸ. ಆ ದಾತನ ಪ್ರೀತಿಯನ್ನು ಯೇಸು ಕ್ರಿಸ್ತನ ಶಿಲುಬೆಯಲ್ಲಿ ಮಾತ್ರ ಪೂರ್ಣವಾಗಿ ಕಾಣುತ್ತೇವೆ. ಮತ್ತು ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯು ದೇವರೆಲ್ಲಿದ್ದಾನೆಂದು ಕೂಗಿದರೆ, ಆಕೆಯ ಬಳಿಗೆ ಈ ವಾದವನ್ನು ತಕ್ಕೊಂಡು ಹೋಗಬೇಡಿರಿ. ಅಳುವವರ ಸಂಗಡ ಅಳುವದೇ ಅಲ್ಲಿ ನಮ್ಮ ಸೇವೆ.

ಕಡೆಗೆ ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ. ಭಾನುವಾರ ದೇವರುಂಟೆಂದು ಹಾಡಿ, ಸೋಮವಾರ ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವನು ನಾಬಾಲನ ಪಂಕ್ತಿಯಲ್ಲಿ ಕೂತಿದ್ದಾನಲ್ಲವೇ? ಆ ಕೀರ್ತನೆಯು ಬಡವರನ್ನು ನುಂಗುವವರ ವಿಷಯವಾಗಿಯೂ ಮಾತಾಡುತ್ತದೆ. ಮಗನು ನಮ್ಮ ವಾದಕ್ಕಿಂತ ಮುಂಚೆ ನಮ್ಮ ನಡತೆಯನ್ನು ತೂಗುವನು. ಆದದರಿಂದ ಅವನು ಮುಂದಿನ ಸಾರಿ ಪ್ರಶ್ನೆ ಕೇಳುವಾಗ ಗದರಿಸದೆ ಹತ್ತಿರ ಕೂರಿಸಿಕೊಳ್ಳಿರಿ; ಅವನ ಮಾತನ್ನು ಪೂರಾ ಕೇಳಿರಿ; ಅಪ್ಪಾ, ಇಷ್ಟು ಚೆನ್ನಾಗಿ ವಿಚಾರಿಸುವ ಬುದ್ಧಿಯು ನಿನಗೆ ಎಲ್ಲಿಂದ ಬಂತು ಎಂದು ಶಾಂತವಾಗಿ ಕೇಳಿರಿ. ಉತ್ತರಕ್ಕಾಗಿ ಅವನೊಂದಿಗೆ ಕಾದಿರ್ರಿ.

ಬುದ್ಧಿಯ ದಾತನಾದ ಕರ್ತನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸತ್ಯದಲ್ಲಿ ನಡಿಸಲಿ. ಆಮೆನ್.