ಸೇವೆಗೂ ಶಿಕ್ಷಣ ಬೇಕೆ?

ಮನುಷ್ಯನು ಒಳ್ಳೆಯವನಾಗಿದ್ದರೆ ಸಾಕೆ, ಅಥವಾ ಒಳ್ಳೆಯ ಕೆಲಸವನ್ನು ಮಾಡುವ ಬಗೆಯನ್ನೂ ಅವನು ಕಲಿಯಬೇಕೆ? ಪ್ರಶ್ನೆ ಹಳೆಯದು. ಆದರೆ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದ ಕಡೆ, ಕಾಫಿ ಏಲಕ್ಕಿ ತೋಟಗಳ ನಡುವೆ ಇರುವ ಬಂಧುಗಳ ಮನೆಯಲ್ಲಿ, ಅದು ಹೊಸ ರೂಪದಲ್ಲಿ ನನ್ನೆದುರು ಬಂದು ನಿಂತಿತು. ದ್ವಿತೀಯ ಪಿ.ಯು.ಸಿ. ಮುಗಿಸಿದ್ದ ಆ ಮನೆಯ ಮಗಳು, ತಾನು ಸಮಾಜಕಾರ್ಯದ ಪದವಿಗೆ ಸೇರಿ ಸೇವಾಸಂಸ್ಥೆಗಳ ಆಡಳಿತವನ್ನು ಕಲಿಯುವೆನೆಂದು ಹಟ ಹಿಡಿದಿದ್ದಳು. ಬಿ.ಕಾಂ. ಓದಿಸಬೇಕೆಂದಿದ್ದ ತಂದೆಗೆ ಇದು ಹಿಡಿಸಲಿಲ್ಲ.

"ನಮ್ಮ ಅಜ್ಜ ಬಸದಿಯ ಜೀರ್ಣೋದ್ಧಾರಕ್ಕೆ ಕೊಟ್ಟರು, ಬಡ ಹುಡುಗರನ್ನು ಮನೆಯಲ್ಲಿಟ್ಟು ಓದಿಸಿದರು. ಅವರು ಯಾವ ಕಾಲೇಜಿನಲ್ಲಿ ಕಲಿತಿದ್ದರು? ಧರ್ಮ ಮಾಡುವುದಕ್ಕೂ ಡಿಗ್ರಿ ಬೇಕೆ, ಭಾವ?" ಎಂದು ಅವರು ಕೇಳಿದರು. ಒಳಗಿನಿಂದ ಅಜ್ಜಿಯ ಮಾತು ಬಂತು: "ಸೇವೆ ಮಾಡಿ ಸಂಬಳ ತಗೊಂಡರೆ ಅದು ಸೇವೆ ಹೇಗಾಗುತ್ತದೆ?" ಹುಡುಗಿ ನನ್ನ ಕಡೆ ನೋಡಿ, "ನೀವೇ ಹೇಳಿ, ಮಾವ" ಎಂದಳು.

ನಾನು ಒಡನೆ ಉತ್ತರ ಕೊಡಲಿಲ್ಲ. ನನ್ನ ಮನಸ್ಸು ನಾನೇ ಸದಸ್ಯನಾಗಿದ್ದ ಒಂದು ವಿದ್ಯಾರ್ಥಿವೇತನ ಸಮಿತಿಯ ಕಡೆಗೆ ಹೋಗಿತ್ತು. ನಾವು ಐದು ಜನ ಇದ್ದೆವು. ಯಾರೂ ಒಂದು ರೂಪಾಯಿಯನ್ನು ಮುಟ್ಟಿದವರಲ್ಲ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಬೇಕಾಗಿತ್ತು. ಆ ಇಬ್ಬರಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಅವರಿಗೆ ಶ್ರದ್ಧಾಂಜಲಿ ಸಭೆ ನಡೆಸಿದೆವು, ಅವರ ಗುಣಗಳನ್ನು ಕೊಂಡಾಡಿದೆವು. ಹೊಸ ಸಹಿದಾರರನ್ನು ನೇಮಿಸುವ ಠರಾವನ್ನು ಮಾತ್ರ ಬರೆಯಲಿಲ್ಲ. ಒಂದು ಸಭೆಗೆ ಕೋರಂ ಇರಲಿಲ್ಲ, ಮತ್ತೊಂದು ಮದುವೆಯ ದಿನಗಳಿಗೆ ಬಿತ್ತು. ಖಾತೆಯಲ್ಲಿ ಹಣವಿದ್ದೂ ಆ ವರ್ಷ ಶುಲ್ಕ ಕಟ್ಟುವ ದಿನ ದಾಟಿತು. ನಮ್ಮನ್ನೇ ನಂಬಿದ್ದ ಒಬ್ಬ ಹುಡುಗ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ. ಮರುವರ್ಷ ಹಣ ಸಿದ್ಧವಾದಾಗ ಅವನು ಮರಳಿ ಬರಲಿಲ್ಲ. ನಮ್ಮಲ್ಲಿ ಕಳ್ಳರು ಯಾರೂ ಇರಲಿಲ್ಲ. ಆದರೂ ಒಬ್ಬನ ವಿದ್ಯೆ ಹೋಯಿತು. ಇದನ್ನು ಏನೆಂದು ಕರೆಯಬೇಕು?

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ. ಅದು ಪ್ರಮಾದ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲದಲ್ಲಿ ಇಡುತ್ತಾರೆ. ದ್ವೇಷವಿಲ್ಲದಿದ್ದರೂ ಎಚ್ಚರ ತಪ್ಪಿದವನ ಕೈಯಿಂದ ಹಿಂಸೆ ನಡೆಯುತ್ತದೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ, ಪರೀಕ್ಷಿಸಿ, ಜೀವಕ್ಕೆ ನೋವಾಗದಂತೆ ನಡೆಯಬೇಕೆಂಬುದು ಅದರ ಅರ್ಥ. ಪಿಂಛಿ ಕಮಂಡಲುಗಳಿಗೇ ಇಷ್ಟು ಎಚ್ಚರ ಬೇಕಾದರೆ, ಇನ್ನೊಬ್ಬರು ನಂಬಿ ಕೊಟ್ಟ ಹಣವನ್ನು ತೆಗೆದುಕೊಳ್ಳುವಾಗಲೂ ಕೊಡುವಾಗಲೂ ಗೃಹಸ್ಥರಾದ ನಮಗೆ ಎಷ್ಟು ಎಚ್ಚರ ಬೇಡ?

ದಾನದ ವಿಷಯದಲ್ಲಿಯೂ ಅದೇ ಅಧ್ಯಾಯದ ಮಾತು ಸ್ಪಷ್ಟವಾಗಿದೆ. ದಾನದ ಫಲದಲ್ಲಿ ಹೆಚ್ಚುಕಡಿಮೆಯಾಗುವುದು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ. ನಾವು ದ್ರವ್ಯವನ್ನು ಎಣಿಸುತ್ತೇವೆ, ದಾತೃವಿನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಪಾತ್ರನ ಬಗ್ಗೆ ಸ್ವಲ್ಪ ವಿಚಾರಿಸುತ್ತೇವೆ. ಮೊದಲು ಹೇಳಿದ ವಿಧಿಯನ್ನು ಮಾತ್ರ ಮರೆತಿದ್ದೇವೆ. ಮುನಿಗಳಿಗೆ ಆಹಾರ ಕೊಡುವ ವಿಧಿಯನ್ನು ನಮ್ಮ ತಾಯಂದಿರು ಚಿಕ್ಕಂದಿನಿಂದಲೇ ಕಲಿಯುತ್ತಾರೆ. ಭಕ್ತಿಯೊಂದಿದ್ದರೆ ಸಾಕೆಂದು ಯಾರೂ ಹೇಳುವುದಿಲ್ಲ. ದಾತೃವಿಗೆ ಇರಬೇಕಾದ ಏಳು ಗುಣಗಳನ್ನು ಆಚಾರ್ಯರು ಎಣಿಸಿದ್ದಾರೆ: ಶ್ರದ್ಧೆ, ತುಷ್ಟಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆ, ಸತ್ತ್ವ. ಶ್ರದ್ಧೆ ಭಕ್ತಿಗಳ ಪಕ್ಕದಲ್ಲಿಯೇ ವಿಜ್ಞಾನ, ಅಂದರೆ ಕೊಡುವ ಬಗೆಯ ತಿಳಿವು, ಕುಳಿತಿದೆ. ತಿಳಿವನ್ನು ಕಲಿಯಬೇಕಲ್ಲದೆ ಅದು ತಾನಾಗಿ ಬರುವುದಿಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ್ದ ವಿವಾದವನ್ನು ಅರಸನು ಪರಿಹರಿಸಿದ ಸಂಗತಿ ಅದರಲ್ಲಿದೆಯೆಂದು ನಾವೆಲ್ಲ ಬಲ್ಲೆವು. ಅದನ್ನು ಆಡಳಿತದ ಕಣ್ಣಿನಿಂದ ಓದಿದವರು ಕಡಿಮೆ. ರಾಜ್ಯದ ಜೈನರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದರಿಂದ ಬೆಳಗೊಳದ ದೇವರ ರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹೊಣೆ ತಿರುಮಲೆಯ ತಾತಯ್ಯನದು. ಕಟ್ಟಳೆಯನ್ನು ಮುರಿದವನು ರಾಜನಿಗೂ ಸಂಘಕ್ಕೂ ದ್ರೋಹಿ. ಆದಾಯದ ಮೂಲ, ದರ, ನೌಕರರ ಸಂಖ್ಯೆ, ಉಳಿತಾಯದ ವಿನಿಯೋಗ, ಹೊಣೆಗಾರ, ತಪ್ಪಿದರೆ ದೋಷ, ಎಲ್ಲವೂ ಅಲ್ಲಿವೆ. ಇಂದು ಕಾಲೇಜಿನಲ್ಲಿ ಕಲಿಸುವುದೂ ಬಹುಮಟ್ಟಿಗೆ ಇದನ್ನೇ.

ಅಜ್ಜಿಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ದೇವರಿಗೆ ಅರ್ಪಿಸಿದ್ದು ನಿರ್ಮಾಲ್ಯ, ಅದನ್ನು ಉಪಭೋಗಿಸಬಾರದು. ಆದರೆ ಆ 20 ಆಳುಗಳಿಗಾಗಿ ಬೇರೆಯಾಗಿಯೇ ಹಣವನ್ನು ಎತ್ತಲಾಯಿತು. ಮೊದಲೇ ಗೊತ್ತುಮಾಡಿದ, ಎಲ್ಲರಿಗೂ ತಿಳಿದಿರುವ, ಅದಕ್ಕೆಂದೇ ಇಟ್ಟ ನಿಧಿಯಿಂದ ಕೊಡುವ ವೇತನವು ಪಾಪವಲ್ಲ. ಸಂಬಳವಿಲ್ಲದೆ ದುಡಿಯುವೆನೆಂದು ಹೇಳಿ, ಲೆಕ್ಕ ಕೇಳಿದವರ ಮೇಲೆ ಸಿಟ್ಟಾಗುವುದು ಅದಕ್ಕಿಂತ ದೊಡ್ಡ ದೋಷ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೇನಲ್ಲ. ಮುಂಬಯಿಯಲ್ಲಿ 1936ರಲ್ಲಿಯೇ ಟಾಟಾ ಸಂಸ್ಥೆಯವರು ಸಮಾಜಕಾರ್ಯದ ಶಾಲೆಯನ್ನು ತೆರೆದರು. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಹಾಲು ಉತ್ಪಾದಕರ ಸಹಕಾರಿ ಸಂಘಗಳಿಗೆ ಪ್ರೀತಿಯಷ್ಟೇ ಸಾಲದು, ನುರಿತ ಆಡಳಿತಗಾರರೂ ಬೇಕೆಂದು ಕಂಡ ಕುರಿಯನ್ನರು 1979ರಲ್ಲಿ ಗುಜರಾತಿನ ಆನಂದದಲ್ಲಿ ಗ್ರಾಮೀಣ ಆಡಳಿತದ ಸಂಸ್ಥೆಯನ್ನು ಕಟ್ಟಿದರು. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದಂಥ ಕಡೆಗಳಲ್ಲಿ ಲಾಭರಹಿತ ಸಂಸ್ಥೆಗಳ ನಾಯಕತ್ವ ಮತ್ತು ಆಡಳಿತವೇ ಒಂದು ಪದವಿಯ ವಿಷಯವಾಗಿದೆ. ನಮ್ಮಲ್ಲಿ ಪದವಿ ಹಂತದಲ್ಲಿ ಅದಕ್ಕೆ ಹತ್ತಿರವಾದುದು ಬಿ.ಎಸ್.ಡಬ್ಲ್ಯು. ಅದರಲ್ಲಿ ಪಾಠದ ಜೊತೆಗೆ ಕ್ಷೇತ್ರಕಾರ್ಯವೂ ಕಡ್ಡಾಯ. ಕಾನೂನಿನ ತಿಳಿವೂ ಇಂದು ಅನಿವಾರ್ಯವಾಗಿದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ಸಾಮಾನ್ಯವಾಗಿ ತನ್ನ ವರ್ಷದ ಆದಾಯದಲ್ಲಿ ಶೇ. 85ನ್ನು ಉದ್ದಿಷ್ಟ ಕಾರ್ಯಕ್ಕೆ ವಿನಿಯೋಗಿಸಬೇಕು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು ವಿಧಿಸಿದೆ. ಇದನ್ನು ತಿಳಿಯದ ಟ್ರಸ್ಟು ಎಷ್ಟೇ ಪ್ರಾಮಾಣಿಕವಾದರೂ ಎಡವುತ್ತದೆ.

ಹಾಗೆಂದು ಪದವಿಯೊಂದೇ ಸಾಕೆ? ಆ ಏಳು ಗುಣಗಳಲ್ಲಿ ವಿಜ್ಞಾನದ ಬೆನ್ನಿಗೇ ಅಲುಬ್ಧತೆಯೂ ಇದೆ. ಕಲಿತವನಿಗೆ ತನ್ನದೇ ಆದ ಅಪಾಯಗಳಿವೆ. ವರದಿ ಚೆನ್ನಾಗಿ ಬರೆಯಲು ಬಂದವನು ವರದಿಗಾಗಿಯೇ ಕೆಲಸ ಮಾಡತೊಡಗಬಹುದು; ಬಡವನು ಅವನಿಗೆ ಒಂದು ಅಂಕಿಯಾಗಬಹುದು. ನಾಯಕತ್ವವೆಂಬ ಮಾತೂ ಅಂಥದೇ. ಹಣದ ಪರಿಗ್ರಹವನ್ನು ಬಿಟ್ಟವನೂ ಹುದ್ದೆಯ ಪರಿಗ್ರಹವನ್ನು ಬಿಡಲಾರ. ವಿಂಧ್ಯಗಿರಿಯ ಮೇಲೆ ನಿಂತ ಬಾಹುಬಲಿಯು ಗೆದ್ದ ರಾಜ್ಯವನ್ನು ಬಿಟ್ಟು ನಡೆದವನು. ಅಧ್ಯಕ್ಷ ಪೀಠವನ್ನು ಕಿರಿಯರಿಗೆ ಬಿಡುವುದು ನಮಗೇಕೆ ಇಷ್ಟು ಕಷ್ಟವಾಗುತ್ತದೆ? ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಹಿರಿಯರು ನಡೆದು ತೋರಿಸಬೇಕು.

ಆದುದರಿಂದ ಈ ಪ್ರಶ್ನೆ ಆ ಹುಡುಗಿಗಿಂತ ಹೆಚ್ಚಾಗಿ ನಮಗೆ, ಟ್ರಸ್ಟುಗಳಲ್ಲಿ ಕುಳಿತವರಿಗೆ ಸೇರಿದ್ದು. ಇಂಥ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯಕ್ಕೆ ನಮ್ಮ ಬಾಗಿಲನ್ನು ತೆರೆಯುವೆವೆ? ನಡಾವಳಿ ಪುಸ್ತಕವನ್ನು ಅವರ ಕೈಗೆ ಕೊಡುವ ಧೈರ್ಯ ನಮಗಿದೆಯೆ? ಮಹಾವೀರ ಜಯಂತಿಯ ದಿನ ಆ ವರ್ಷದ ಲೆಕ್ಕವನ್ನು ಬಸದಿಯ ಹೊರಗೆ ಎಲ್ಲರೂ ಓದುವಂತೆ ತೂಗುಹಾಕುವೆವೆ?

ಅಂದು ಸಂಜೆ ನನ್ನ ಸಮಿತಿಯ ಕಥೆಯನ್ನು ಅವರಿಗೆ ಹೇಳಿದೆ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಆ ಹುಡುಗ ಈಗ ಎಲ್ಲಿದ್ದಾನೆ, ಭಾವ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾವು ಯಾರೂ ವಿಚಾರಿಸಿರಲಿಲ್ಲ. ಮಗಳ ಅರ್ಜಿಗೆ ಅವರು ಸಹಿ ಮಾಡಿದ್ದು ಆ ಮಾತಿನ ನಂತರ.