ಉಪಾಧ್ಯಾಯರಿಗೆ ಕಾಣಿಕೆ: ದಾನವೋ, ವ್ಯವಹಾರವೋ?

ಏಪ್ರಿಲ್ ತಿಂಗಳು ಬಂದಿತೆಂದರೆ ನಮ್ಮ ನಾಡಿನ ಶಾಲೆಗಳಲ್ಲಿ ವರ್ಷ ಮುಗಿಯುತ್ತದೆ. ಪರೀಕ್ಷೆಗಳು ಮುಗಿದು, ಫಲಿತಾಂಶ ಪ್ರಕಟವಾಗಿ, ಮಕ್ಕಳು ಬೇಸಗೆಯ ರಜೆಗೆ ಹೊರಡುವ ಆ ದಿನಗಳಲ್ಲಿ ಅನೇಕ ಶ್ರಾವಕರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ವರ್ಷವಿಡೀ ಮಗುವಿಗೆ ಪಾಠ ಹೇಳಿದವರಿಗೆ ಏನನ್ನು ಕೊಡಬೇಕು? ಎಷ್ಟರದನ್ನು ಕೊಡಬೇಕು? ನೆರೆಮನೆಯವರು ಏನು ಕೊಡುತ್ತಿದ್ದಾರೆ? ನಾವು ಕೊಡದಿದ್ದರೆ ಮಗುವಿಗೆ ಏನಾದರೂ ಆದೀತೇ? ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ತೀರುವ ಪ್ರಶ್ನೆಯೆಂದು ತೋರುತ್ತದೆ. ಆದರೆ ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ಭಕ್ತಿಯಿಂದ ಹುಟ್ಟಿದ್ದು, ಎರಡನೆಯದು ಲೆಕ್ಕದಿಂದ, ಮೂರನೆಯದು ಮಾತ್ಸರ್ಯದಿಂದ, ನಾಲ್ಕನೆಯದು ಭಯದಿಂದ. ಒಂದೇ ಕಾಣಿಕೆಯ ಒಳಗೆ ಇಷ್ಟು ಭಾವಗಳು ಅಡಗಿರುವಾಗ, ವ್ರತನಿಯಮಗಳನ್ನು ಕುರಿತು ಚಿಂತಿಸುವ ನಾವು ಇದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಯುಕ್ತ.

ಉಪಾಧ್ಯಾಯ ಎಂಬ ಶಬ್ದವೇ ನಮಗೆ ಪವಿತ್ರವಾದದ್ದು. ಪಂಚನಮಸ್ಕಾರದಲ್ಲಿ ನಾಲ್ಕನೆಯದಾಗಿ ನಾವು ವಂದಿಸುವುದು ಉಪಾಧ್ಯಾಯ ಪರಮೇಷ್ಠಿಗಳಿಗೆ. ಹನ್ನೊಂದು ಅಂಗಗಳನ್ನೂ ಹದಿನಾಲ್ಕು ಪೂರ್ವಗಳನ್ನೂ ಬಲ್ಲ, ಆದುದರಿಂದ 25 ಮೂಲಗುಣಗಳಿಂದ ಕೂಡಿದವರೆಂದು ವರ್ಣಿತರಾದ ಆ ನಿರ್ಗ್ರಂಥ ಮುನಿಗಳಿಗೂ, ಸಂಬಳ ಪಡೆದು ಗಣಿತ ಭೂಗೋಳಗಳನ್ನು ಕಲಿಸುವ ನಮ್ಮೂರ ಮೇಷ್ಟರಿಗೂ ಅಜಗಜಾಂತರವುಂಟು, ಇದನ್ನು ಮರೆಯಬಾರದು. ಆದರೂ ಲೋಕವು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದಿರುವುದು ನಿರರ್ಥಕವಲ್ಲ. ತಾನು ತಿಳಿದದ್ದನ್ನು ಬಚ್ಚಿಡದೆ ಇನ್ನೊಬ್ಬರಿಗೆ ತಿಳಿಸುವ ಕ್ರಿಯೆ ಎಲ್ಲಿ ನಡೆಯುತ್ತದೆಯೋ ಅಲ್ಲಿ ಜ್ಞಾನದಾನದ ಒಂದು ಅಂಶವಿದ್ದೇ ಇರುತ್ತದೆ.

ಈ ಯುಗದಲ್ಲಿ ವಿದ್ಯೆಯೂ ದಾನವೂ ಒಬ್ಬರೇ ಮಹಾಪುರುಷರ ಚರಿತ್ರೆಯಲ್ಲಿ ಆರಂಭವಾದುವೆಂಬುದನ್ನು ಇಲ್ಲಿ ನೆನೆಯಬೇಕು. ಮಕ್ಕಳಾದ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಗಳನ್ನೂ ಕಲಿಸಿದವರು ಆದಿನಾಥ ಸ್ವಾಮಿಗಳು. ಅಕ್ಷರಾಭ್ಯಾಸ ಮಾಡಿಸುವ ಎಲ್ಲರಿಗೂ ಅವರೇ ಆದಿಗುರುಗಳು. ಆ ಸ್ವಾಮಿಗಳೇ ದೀಕ್ಷೆ ವಹಿಸಿ, ಆರು ತಿಂಗಳು ಅನಶನದಿಂದಿದ್ದು, ಬಳಿಕ ಆಹಾರಕ್ಕೆಂದು ಊರೂರಿಗೆ ವಿಹಾರ ಮಾಡಿದಾಗ ಏನಾಯಿತು? ಜನರಿಗೆ ಭಕ್ತಿಯ ಕೊರತೆಯಿರಲಿಲ್ಲ. ಒಬ್ಬರು ರತ್ನಗಳನ್ನು ತಂದರು, ಒಬ್ಬರು ವಸ್ತ್ರಾಭರಣಗಳನ್ನು, ಮತ್ತೊಬ್ಬರು ಆನೆ ಕುದುರೆಗಳನ್ನು, ಇನ್ನೂ ಕೆಲವರು ಕನ್ಯೆಯರನ್ನು. ಸರ್ವವನ್ನೂ ತ್ಯಜಿಸಿ ಬಂದವರ ಮುಂದೆ ಬೆಲೆಬಾಳುವುದನ್ನೆಲ್ಲ ರಾಶಿ ಹಾಕಿದರು. ಬೇಕಾದದ್ದು ಯಾರಿಗೂ ತೋಚಲಿಲ್ಲ. ಹೀಗೆಯೇ ತಿಂಗಳುಗಳು ಕಳೆದುವು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನಿಗೆ ಪೂರ್ವಜನ್ಮದಲ್ಲಿ ಮುನಿಗಳಿಗೆ ಆಹಾರವಿತ್ತ ವಿಧಿಯ ಸ್ಮರಣೆಯಾಗಿ, ಆತನು ವಿನಯದಿಂದ ಕಬ್ಬಿನ ಹಾಲನ್ನು ಅರ್ಪಿಸಿದನು. ವೈಶಾಖ ಶುಕ್ಲ ತೃತೀಯೆಯ ಆ ದಿನವೇ ನಮ್ಮ ಅಕ್ಷಯ ತದಿಗೆ. ಅದು ಶಾಲೆಗಳ ವರ್ಷಾಂತ್ಯದ ಆಸುಪಾಸಿನಲ್ಲಿಯೇ ಬರುತ್ತದೆಯೆಂಬುದು ನಮ್ಮ ವಿಷಯಕ್ಕೆ ಒಳ್ಳೆಯ ಜ್ಞಾಪಕ.

ಆ ಪ್ರಸಂಗದ ಪಾಠ ಸ್ಪಷ್ಟವಾಗಿದೆ. ರತ್ನವನ್ನು ತಂದವರು ತಮ್ಮ ಸಂಪತ್ತನ್ನು ನೋಡಿಕೊಂಡು ತಂದರು. ಕಬ್ಬಿನ ಹಾಲನ್ನು ಕೊಟ್ಟವನು ಎದುರು ನಿಂತವರನ್ನು ನೋಡಿ ಕೊಟ್ಟನು. ರತ್ನದ ಬೆಲೆ ಹೆಚ್ಚು, ಕಬ್ಬಿನ ಹಾಲಿನ ಬೆಲೆ ಅತ್ಯಲ್ಪ. ಆದರೆ ದಾನತೀರ್ಥದ ಪ್ರವರ್ತಕನೆಂಬ ಕೀರ್ತಿ ಬಂದದ್ದು ಅತ್ಯಲ್ಪವನ್ನು ಕೊಟ್ಟವನಿಗೆ. ಆದ್ದರಿಂದ ಅಗ್ಗದ ಕಾಣಿಕೆ ಕೊಡಲು ನಾಚಬೇಕೇ ಎಂಬ ಪ್ರಶ್ನೆಯನ್ನು ಶ್ರಾವಕನಾದವನು ಕೇಳಬೇಕಾಗಿಯೇ ಇಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ತಿಳಿಸುತ್ತಾರೆ. ಕೊಡುವವನಿಗೂ ಪಡೆಯುವವನಿಗೂ ಹಿತವಾಗಬೇಕೆಂಬುದು ಅದರ ತಾತ್ಪರ್ಯ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದಲ್ಲಿ ವಿಶೇಷವುಂಟಾಗುವುದೆಂದೂ ಅಲ್ಲಿಯೇ ಹೇಳಿದೆ. ಈ ನಾಲ್ಕರಲ್ಲಿ ದ್ರವ್ಯವು ಒಂದು ಮಾತ್ರ. ದ್ರವ್ಯದ ಬೆಲೆಯಂತೂ ಪಟ್ಟಿಯಲ್ಲಿಯೇ ಇಲ್ಲ. ಹಾಗಾದರೆ ನಮ್ಮ ಪ್ರಶ್ನೆಯನ್ನು ಈ ನಾಲ್ಕು ಮುಖಗಳಿಂದ ನೋಡೋಣ.

ಮೊದಲು ಪಾತ್ರ. ಶಾಲೆಯ ಉಪಾಧ್ಯಾಯರಿಗೆ ಕೊಡುವುದು ಮುನಿಗಳಿಗೆ ಮಾಡುವ ಪಾತ್ರದಾನವಲ್ಲ. ದೀನರಿಗೆ ಮಾಡುವ ಕರುಣಾದಾನವೂ ಅಲ್ಲ. ಅವರು ನಮ್ಮ ಕರುಣೆಗೆ ಕಾಯುತ್ತಿರುವವರಲ್ಲ. ಇದು ವಿನಯದ, ಕೃತಜ್ಞತೆಯ ಒಂದು ಕುರುಹು. ಹೀಗೆ ಅರಿತರೆ ಕಾಣಿಕೆಯ ಅಳತೆ ತಾನಾಗಿಯೇ ಗೊತ್ತಾಗುತ್ತದೆ. ಕುರುಹು ಚಿಕ್ಕದಿದ್ದಷ್ಟೂ ಮನಸ್ಸು ಎದ್ದು ಕಾಣುತ್ತದೆ. ದೊಡ್ಡದಾದಂತೆಲ್ಲ ಅದು ಪಡೆಯುವವರ ಮೇಲೆ ಋಣವಾಗಿ ಕೂರುತ್ತದೆ. ಇನ್ನೊಬ್ಬರ ಮೇಲೆ ಋಣ ಹೊರಿಸುವುದು ಅನುಗ್ರಹವಾಗಲಾರದು.

ಎರಡನೆಯದು ವಿಧಿ; ಅದರಲ್ಲಿ ಮುಖ್ಯವಾದದ್ದು ಕಾಲ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಶಾಸ್ತ್ರವು ವಿಧಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮುಂದಿನ ಭೋಗಫಲವನ್ನು ಬಯಸುವ ನಿದಾನವೆಂಬ ಮುಳ್ಳು ಕಾಣಿಕೆಯೊಳಗೆ ಬಹಳ ಸುಲಭವಾಗಿ ಸೇರಿಕೊಳ್ಳುತ್ತದೆ. ಪರೀಕ್ಷೆಗೆ ಮುಂಚೆ ಕೊಟ್ಟ ವಸ್ತುವಿನಲ್ಲಿ, ನಾವು ಬಯಸಲಿ ಬಯಸದಿರಲಿ, ಅಂಕಗಳ ಯಾಚನೆ ಇರುತ್ತದೆ. ಕೊಟ್ಟವರ ಮನಸ್ಸು ಶುದ್ಧವಾಗಿದ್ದರೂ ಪಡೆದವರ ಮನಸ್ಸು ಕಲಕುತ್ತದೆ. ನೋಡುತ್ತಿರುವ ಮಗುವಿನ ಮನಸ್ಸಿನಲ್ಲಿ ಕೊಟ್ಟರೆ ಸಿಗುತ್ತದೆ ಎಂಬ ಬೀಜ ಬೀಳುತ್ತದೆ. ಆದಕಾರಣ ಫಲಿತಾಂಶ ಪ್ರಕಟವಾದ ಮೇಲೆಯೇ ಕೊಡುವುದು ಲೇಸು. ಮುಂದಿನ ವರ್ಷವೂ ಅವರೇ ಪಾಠ ಹೇಳುವವರಾಗಿದ್ದರೆ ಇನ್ನೂ ಮಿತವಾಗಿರಬೇಕು. ಮಗುವು ಆ ಶಾಲೆಯನ್ನೇ ಬಿಟ್ಟು ಹೋಗುವಾಗ ಕೊಟ್ಟ ಕಾಣಿಕೆ ಎಲ್ಲಕ್ಕಿಂತ ನಿರ್ಮಲವಾದದ್ದು.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರಿದ್ದಾರೆ. ಶಾಲೆಯ ವರ್ಷ ಮುಗಿಯುತ್ತಲೇ ಅವರ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಮರಳುವರೆಂಬ ನಿಶ್ಚಯವಿಲ್ಲ. ತಿಥಿಯ ನಿರ್ಬಂಧವಿಲ್ಲದೆ ಬರುವವನೇ ಅತಿಥಿ. ಆತನಿಗೆ ನಮ್ಮಲ್ಲಿರುವುದರಲ್ಲಿ ಭಾಗವಿಡುವುದೇ ಅತಿಥಿಸಂವಿಭಾಗ ವ್ರತ. ಆ ವ್ರತ ಸಂಯಮಿಗಳನ್ನು ಕುರಿತದ್ದೆಂಬುದು ನಿಜ. ಆದರೂ ಅದರ ಭಾವವನ್ನು ಅರಿತ ಶ್ರಾವಕನು, ಎಲ್ಲರೂ ಹಿರಿಯ ಉಪಾಧ್ಯಾಯರ ಸುತ್ತ ನೆರೆದಿರುವಾಗ, ಮೂಲೆಯಲ್ಲಿ ತಮ್ಮ ಚೀಲ ಕಟ್ಟುತ್ತಿರುವ ಅತಿಥಿ ಶಿಕ್ಷಕಿಯ ಬಳಿಗೆ ತನ್ನ ಮಗುವನ್ನು ಕಳುಹಿಸದೆ ಇರಲಾರನು. ಅವರಿಂದ ನಮಗೆ ಮುಂದೆ ಆಗಬೇಕಾದದ್ದು ಏನೂ ಇಲ್ಲ. ಆದುದರಿಂದಲೇ ಆ ಕಾಣಿಕೆಯಲ್ಲಿ ನಿದಾನಕ್ಕೆ ಎಡೆಯಿಲ್ಲ. ಮಧ್ಯಾಹ್ನದ ಅಕ್ಷರ ದಾಸೋಹದ ಅಡುಗೆಯವರು, ಶಾಲೆಯ ಆಯಾ, ಇವರ ವಿಷಯದಲ್ಲಿಯೂ ಹೀಗೆಯೇ ತಿಳಿಯಬೇಕು.

ಮೂರನೆಯದು ದಾತೃ, ಎಂದರೆ ಕೊಡುವವನು. ಅತಿಥಿಸಂವಿಭಾಗದ ಐದು ಅತಿಚಾರಗಳಲ್ಲಿ ಪರವ್ಯಪದೇಶ, ಮಾತ್ಸರ್ಯ ಎಂಬ ಎರಡು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತವೆ. ಬೇರೊಬ್ಬರು ಕೊಡಬೇಕಾದದ್ದನ್ನು ತನ್ನದೆಂಬಂತೆ ಅರ್ಪಿಸುವುದು ಪರವ್ಯಪದೇಶ. ತಾಯಿ ಪೇಟೆಗೆ ಹೋಗಿ ಕೊಂಡು, ಕಾಗದ ಸುತ್ತಿಸಿ, ಮಗುವಿನ ಕೈಗಿತ್ತು ಕಳುಹಿಸಿದ ಪೆಟ್ಟಿಗೆಯೊಳಗೆ ಏನಿದೆಯೆಂದು ಮಗುವಿಗೇ ತಿಳಿಯದಿದ್ದರೆ, ಅಲ್ಲಿ ಮಗುವು ಬಿಟ್ಟುಕೊಟ್ಟದ್ದೇನು? ಮಗುವು ತಾನೇ ಕುಳಿತು, ತಪ್ಪೋ ಒಪ್ಪೋ, ವರ್ಷದಲ್ಲಿ ತಾನು ಕಲಿತ ಒಂದು ಸಂಗತಿಯನ್ನು ಹೆಸರಿಸಿ ನಾಲ್ಕು ಸಾಲಿನ ಪತ್ರ ಬರೆದರೆ, ಅದು ಅದರ ಸ್ವಂತ ದ್ರವ್ಯ. ಭಾಗಾಕಾರ ಅರ್ಥವಾದದ್ದು ನಿಮ್ಮಿಂದ ಎಂದು ಮಗು ಬರೆದ ಒಂದು ಸಾಲನ್ನು ಉಪಾಧ್ಯಾಯರು ಬಹುಕಾಲ ಇಟ್ಟುಕೊಳ್ಳುವರು. ಹತ್ತನೆಯ ಗಾಜಿನ ಬಟ್ಟಲಿನ ಜೋಡಿಯನ್ನು ಇಟ್ಟುಕೊಳ್ಳಲು ಅವರ ಮನೆಯಲ್ಲಿ ಸ್ಥಳವಿರಲಾರದು.

ಇನ್ನು ಮಾತ್ಸರ್ಯ. ಇತರ ದಾನಿಗಳ ಮೇಲಿನ ಸ್ಪರ್ಧೆಯಿಂದ ಕೊಡುವುದು ಅಥವಾ ಆದರವಿಲ್ಲದೆ ಕೊಡುವುದು ಮಾತ್ಸರ್ಯವೆನಿಸುತ್ತದೆ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿರುವರೆಂದು ಭಾವಿಸಿರಿ. ಐವರು ಬೆಲೆಬಾಳುವ ವಸ್ತುಗಳನ್ನು ಎಲ್ಲರೆದುರು ಒಪ್ಪಿಸಿದರೆ, ಕೂಲಿ ಮಾಡಿ ಮಗುವನ್ನು ಓದಿಸುತ್ತಿರುವ ತಾಯಿಯ ಮಗು ಆ ದಿನ ಬರಿಗೈಯಲ್ಲಿ ನಿಂತಿರುತ್ತದೆ. ಅದು ಮನೆಗೆ ಬಂದು, “ಅಮ್ಮಾ, ನಾನೊಬ್ಬನೇ ಏನೂ ಕೊಡಲಿಲ್ಲ” ಎಂದಾಗ ಆ ತಾಯಿಗಾಗುವ ನೋವಿಗೆ ಕಾರಣರಾರು? ಪ್ರಮಾದದಿಂದ ಇನ್ನೊಂದು ಜೀವಕ್ಕೆ ನೋವನ್ನುಂಟುಮಾಡುವುದೇ ಹಿಂಸೆಯೆಂದು ನಾವು ಕಲಿತಿದ್ದೇವೆ. ನೀರನ್ನು ಸೋಸಿ ಕುಡಿಯುವ ನಾವು ನಮ್ಮ ಔದಾರ್ಯವನ್ನೂ ಸೋಸಿ ಕೊಡಬೇಡವೇ? ಗುರುಗಳಿಗೆ ಕೊಡುವುದನ್ನು ಮನೆಯ ಬಾಗಿಲಲ್ಲಿಯೋ ತರಗತಿ ಮುಗಿದ ಮೇಲೆಯೋ ಸದ್ದಿಲ್ಲದೆ ಕೊಡುವುದು ಈ ದೋಷಕ್ಕೆ ಒಂದು ಪರಿಹಾರ. ಎಲ್ಲ ಮಕ್ಕಳೂ ಕೂಡಿ ಕೊಡುವುದು ಇನ್ನೂ ಉತ್ತಮ. ಇಷ್ಟೆಂದು ಗೊತ್ತುಮಾಡದೆ, ಯಾರೆಷ್ಟು ಹಾಕಿದರೆಂದು ಬರೆದಿಡದೆ ಒಂದು ಡಬ್ಬಿಯನ್ನಿಟ್ಟರೆ ಸಾಕು. ನಲವತ್ತು ಮಕ್ಕಳಿಂದ ಸರಾಸರಿ 20 ರೂಪಾಯಿ ಕೂಡಿದರೂ 800 ರೂಪಾಯಿಯಾಗುತ್ತದೆ. ಅದರಿಂದ ಕೆಲವು ಒಳ್ಳೆಯ ಪುಸ್ತಕಗಳನ್ನು ಕೊಂಡು, ಆ ಉಪಾಧ್ಯಾಯರ ಹೆಸರಿನಲ್ಲಿ ತರಗತಿಯ ಕಪಾಟಿನಲ್ಲಿಡಬಹುದು.

ನಾಲ್ಕನೆಯದು ದ್ರವ್ಯ. ರೇಷ್ಮೆಯ ಬಟ್ಟೆಯಲ್ಲಿ ಗೂಡಿನೊಳಗೆ ಬೆಂದ ಹುಳುಗಳಿವೆ. ಚರ್ಮದ ಕೈಚೀಲ, ಮುತ್ತಿನ ಆಭರಣ, ಜೇನು, ಮೊಟ್ಟೆ ಬೆರೆತ ಕೇಕು, ಇವು ನಾವು ನಮಗಾಗಿ ಬಿಟ್ಟಿರುವ ವಸ್ತುಗಳು. ಪಡೆಯುವವರು ಅನ್ಯಮತೀಯರು, ಅವರಿಗೆ ನಡೆಯುತ್ತದೆ ಎಂಬ ಸಮಾಧಾನ ಸಲ್ಲದು. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮ ನಮ್ಮದು. ಹಾಗಾದರೆ ಉಳಿದದ್ದೇನು? ಕೈಮಗ್ಗದ ಹತ್ತಿಯ ಒಂದು ಟವಲು, ಬರೆಯಲು ಒಂದು ಒಳ್ಳೆಯ ಪೆನ್ನು, ದಪ್ಪ ರಟ್ಟಿನ ನೋಟುಪುಸ್ತಕ, ಮನೆಯಲ್ಲಿ ಹಗಲು ಹೊತ್ತಿನಲ್ಲಿ ಶುಚಿಯಾಗಿ ಮಾಡಿದ ಒಂದು ಡಬ್ಬಿ ಚಕ್ಕುಲಿ, ಹಿತ್ತಲಿನ ತೆಂಗಿನಕಾಯಿ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಪುಸ್ತಕ.

ಪುಸ್ತಕವನ್ನು ಹೇಳುವಾಗ ಕನ್ನಡ ನಾಡಿನ ದಾನಚಿಂತಾಮಣಿಯನ್ನು ನೆನೆಯದೆ ಇರುವುದೆಂತು? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಓಲೆಯ ಮೇಲೆ ಕೈಯಿಂದಲೇ ಬರೆಯಬೇಕಾಗಿತ್ತು. ಅಂದು ಮಹಾದಾನಿಗೆ ಮಾತ್ರ ಸಾಧ್ಯವಾಗಿದ್ದ ಶಾಸ್ತ್ರದಾನವು ಇಂದು ಸಾಮಾನ್ಯ ಗೃಹಸ್ಥನ ಕೈಗೆ ಎಟಕುವ ಬೆಲೆಯಲ್ಲಿ ದೊರೆಯುತ್ತಿರುವಾಗ, ನಾವು ಹೊಳೆಯುವ ಪೆಟ್ಟಿಗೆಗಳನ್ನು ಹುಡುಕಿಕೊಂಡು ಹೋಗುವುದೇಕೆ?

ಬೆಲೆಯ ಮಿತಿಯನ್ನು ಪರಿಗ್ರಹ ಪರಿಮಾಣದಂತೆ ಮೊದಲೇ ಗೊತ್ತುಮಾಡಿಕೊಳ್ಳುವುದು ಹಿತ. ಒಂದು ಮನೆಯಲ್ಲಿ ಇಬ್ಬರು ಮಕ್ಕಳು, ಒಬ್ಬೊಬ್ಬರಿಗೆ ಆರು ಮಂದಿ ಉಪಾಧ್ಯಾಯರಿದ್ದರೆ, ತಲೆಗೆ 300 ರೂಪಾಯಿಯಂತೆ 3,600 ರೂಪಾಯಿ ಬೇಕು. 50 ರೂಪಾಯಿಯಂತೆ 600 ಸಾಕು. ಅಂಗಡಿಯೊಳಗೆ ಕಾಲಿಟ್ಟ ಮೇಲೆ ಮಿತಿಯನ್ನು ಯೋಚಿಸಿದರೆ ಅದು ನಿಲ್ಲುವುದಿಲ್ಲ. ಮನೆಯಲ್ಲಿ, ಮಕ್ಕಳ ಎದುರಿನಲ್ಲಿ, ನಿಯಮವಾಗಿ ಹೇಳಿಕೊಂಡರೆ ನಿಲ್ಲುತ್ತದೆ. ಸಾಲ ಮಾಡಿ ಕೊಟ್ಟದ್ದು ತನ್ನದನ್ನು ಬಿಟ್ಟುಕೊಟ್ಟಂತಾಗದು.

ಸಂಬಳ ಪಡೆಯುವವರಿಗೆ ಕಾಣಿಕೆ ಏಕೆಂದು ಕೆಲವರು ಕೇಳುವರು. ಸಂಬಳವು ಅವರ ಹೊತ್ತಿಗೆ ಸಲ್ಲುತ್ತದೆ. ಹಿಂದುಳಿದ ಮಗುವಿಗೆ ಮೂರನೆಯ ಬಾರಿಯೂ ಸಿಡುಕದೆ ಹೇಳಿಕೊಟ್ಟ ತಾಳ್ಮೆಗೆ ಸಂಬಳವಿಲ್ಲ. ಅದಕ್ಕೆ ಸಲ್ಲಬೇಕಾದದ್ದು ನಮ್ಮ ಕೃತಜ್ಞತೆ. ಆದರೆ ಸರ್ಕಾರಿ ಶಾಲೆಯ ಉಪಾಧ್ಯಾಯರು ಸರ್ಕಾರಿ ನೌಕರರು. ಉಡುಗೊರೆ ಪಡೆಯುವ ವಿಷಯದಲ್ಲಿ ಅವರಿಗೆ ನಡತೆಯ ನಿಯಮಗಳಿವೆ. ಹಲವು ಖಾಸಗಿ ಶಾಲೆಗಳಲ್ಲಿಯೂ ಇಂತಹ ಕಟ್ಟಳೆಯುಂಟು. ಉಪಾಧ್ಯಾಯರೊಬ್ಬರು ನಮ್ಮ ಕಾಣಿಕೆಯನ್ನು ಕೈಮುಗಿದು ಹಿಂದಿರುಗಿಸಿದರೆ ಅವಮಾನವೆಂದು ತಿಳಿಯಬಾರದು. ಅವರೂ ಒಂದು ವ್ರತವನ್ನು ಪಾಲಿಸುತ್ತಿದ್ದಾರೆ. ಮತ್ತೊಬ್ಬರ ವ್ರತಕ್ಕೆ ಭಂಗ ತರುವುದು ಶ್ರಾವಕನ ಲಕ್ಷಣವಲ್ಲ. ಪತ್ರವನ್ನು ಕೊಟ್ಟು, ನಮಸ್ಕರಿಸಿ ಬರುವುದು.

ಕಡೆಯದಾಗಿ ಉಪವಾಸದ ಸಂಬಂಧ. ವ್ರತವೊಂದರ ಉದ್ಯಾಪನೆಯಲ್ಲಿ ಶಾಸ್ತ್ರಗಳನ್ನೂ ಉಪಕರಣಗಳನ್ನೂ ದಾನ ಮಾಡುವ ಪದ್ಧತಿ ನಮ್ಮಲ್ಲಿ ರೂಢಿಯಲ್ಲಿದೆ. ವಿದ್ಯಾಭ್ಯಾಸದ ಒಂದು ವರ್ಷವನ್ನೂ ಮಗುವಿನ ವ್ರತವೆಂದು ಎಣಿಸಿದರೆ ಈ ಕಾಣಿಕೆಯೇ ಅದರ ಉದ್ಯಾಪನೆ. ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಹಿರಿಯರು ಏಕಾಶನ ಮಾಡುವ ಮನೆಗಳಲ್ಲಿ, ಮಗುವು ತನ್ನಿಂದಾದಷ್ಟು ಯಾವುದಾದರೊಂದು ತಿನಿಸನ್ನು ಎಂಟು ದಿನ ಬಿಟ್ಟು, ಅದಕ್ಕೆ ತಗಲುತ್ತಿದ್ದ ಹಣವನ್ನು ಕೂಡಿಡಲಿ. ಉಪವಾಸವು ಕರ್ಮನಿರ್ಜರೆಗಾಗಿಯೇ ಹೊರತು ಹಣ ಉಳಿಸುವುದಕ್ಕಲ್ಲ. ಆದರೆ ಉಳಿದದ್ದನ್ನು ಮತ್ತೆ ತನ್ನ ಭೋಗಕ್ಕೆ ಬಳಸದೆ ಗುರುವಿನ ಕೈಗಿಟ್ಟರೆ ತ್ಯಾಗವು ಪೂರ್ಣವಾಗುತ್ತದೆ. ಆ ನಲವತ್ತು ಐವತ್ತು ರೂಪಾಯಿಗಳ ಪೆನ್ನಿನಲ್ಲಿ ಮಗುವು ನಿಜವಾಗಿ ಬಿಟ್ಟುಕೊಟ್ಟದ್ದೊಂದು ಇರುತ್ತದೆ.

ಸಮಂತಭದ್ರ ಆಚಾರ್ಯರು ಯೋಗ್ಯ ಪಾತ್ರದಲ್ಲಿ ಸಕಾಲಕ್ಕೆ ಬಿದ್ದ ಅಲ್ಪದಾನವನ್ನು ಆಲದ ಬೀಜಕ್ಕೆ ಹೋಲಿಸಿದ್ದಾರೆ. ಬೀಜವು ಸಾಸಿವೆಗಿಂತಲೂ ಸಣ್ಣದು. ನೆರಳು ಊರಿಗೇ ಸಾಲುವಷ್ಟು. ಈ ಬಾರಿ ಶಾಲೆ ಮುಗಿಯುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ತಂದೆತಾಯಿಗಳು ಮಗುವನ್ನು ಬಳಿಗೆ ಕರೆದು, “ನಿನಗೆ ಯಾರು ಏನನ್ನು ಕಲಿಸಿದರು, ಹೇಳು” ಎಂದು ಕೇಳಲಿ. ಆ ಉತ್ತರ ದೊರೆತ ಮೇಲೆ ಏನು ಕೊಡಬೇಕೆಂಬುದು ಕಷ್ಟವಾಗಲಾರದು.