ಏನೂ ಆಗಲಿಲ್ಲ ಎಂಬುದು ಪುರಾವೆಯೇ?

ಹಿಮಕುಸಿತದಲ್ಲಿ ಯಾರಾದರೂ ಸತ್ತ ಸುದ್ದಿ ಬಂದಾಗಲೆಲ್ಲ ಒಂದು ಉದ್ಗಾರ ಕೇಳಿಸುತ್ತದೆ: 'ಅಷ್ಟು ಅನುಭವ ಇದ್ದವರೇ ಹೋಗಿಬಿಟ್ಟರಲ್ಲ!' ಹೆಚ್ಚು ಓಡಾಡಿದವರಿಗೆ ಹೆಚ್ಚು ಗೊತ್ತಿರುತ್ತದೆ ಎಂಬ ನಂಬಿಕೆ ಈ ಅಚ್ಚರಿಯ ಬೇರು. ಹಿಮದ ಇಳಿಜಾರಿನಲ್ಲಿ ಆ ನಂಬಿಕೆ ಅರ್ಧ ಸುಳ್ಳು ಎಂಬುದು ನನ್ನ ವಾದ.

2012ರ ಫೆಬ್ರುವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್‌ನಲ್ಲಿ, ಬಿರುಗಾಳಿ ರಾಶಿ ಹಿಮ ಸುರಿದು ಹೋದ ಬೆನ್ನಿಗೇ, 16 ಮಂದಿ ಸ್ಕೀ ರೆಸಾರ್ಟಿನ ಎಲ್ಲೆಯಾಚೆಯ ಟನಲ್ ಕ್ರೀಕ್ ಕಣಿವೆಗೆ ಇಳಿಯಲು ಹೊರಟರು. ವೃತ್ತಿಪರ ಸ್ಕೀಯರುಗಳು, ಸ್ಕೀ ಪತ್ರಕರ್ತರು, ಆ ಜಾಗವನ್ನು ಚೆನ್ನಾಗಿ ಬಲ್ಲ ಸ್ಥಳೀಯರು. ಅಪಾಯದ ಮುನ್ಸೂಚನೆಯೂ ಪ್ರಕಟವಾಗಿತ್ತು. ಗುಂಪು ತೀರಾ ದೊಡ್ಡದಾಯಿತೆಂದು ಕೆಲವರಿಗೆ ಒಳಗೊಳಗೇ ಅನ್ನಿಸಿದರೂ ಬಾಯಿ ಬಿಟ್ಟು ತಡೆಯಲಿಲ್ಲ. ಮೂವರು ಸತ್ತರು. ಸ್ಥಳೀಯರು ಹಿಂದೆ ಎಷ್ಟೋ ಸಲ ಅಲ್ಲಿ ಇಳಿದಿದ್ದರು, ಏನೂ ಆಗಿರಲಿಲ್ಲ.

ಈ 'ಏನೂ ಆಗಿರಲಿಲ್ಲ' ಎಂಬುದರ ಬೆಲೆ ಎಷ್ಟು? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದೇ ಒಪ್ಪಿದವರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಿರಬೇಕು. ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ತಿಳಿದ ಹಾಗಾಗಲಿಲ್ಲ.

ಹಿಮದ ಇಳಿಜಾರು ನಡುಹಗಲಲ್ಲೂ ಅಂಥ ಕತ್ತಲೇ. ಬಿರುಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ. ಅದು ಅಲ್ಲಿ ಒಂದೇ ಹಾಸಾಗಿ ಬಿಗಿದುಕೊಳ್ಳುತ್ತದೆ. ವಾರಗಳ ಹಿಂದಿನ ಸಕ್ಕರೆಯಂಥ ಸಡಿಲ ಹರಳುಗಳ ಪದರವೊಂದು ಅದರಡಿ ಹೂತಿದ್ದರೆ, ಇಳಿಜಾರು 30ರಿಂದ 45 ಡಿಗ್ರಿಯಿದ್ದರೆ, ಕುಸಿತಕ್ಕೆ ಒಬ್ಬನ ಭಾರ ಸಾಕು. ಹತ್ತು ಜನ ದಾಟಿದಾಗ ಅಲುಗದ ಹಾಸು, ಹನ್ನೊಂದನೆಯವನು ಅದರ ತೆಳುವಾದ ಕಡೆ ಕಾಲಿಟ್ಟೊಡನೆ ಬಿರಿಯಬಹುದು. ಸಾರಿಗೆ ಉಪ್ಪು ಹೆಚ್ಚಾದರೆ ನಾಲಿಗೆ ಆಗಲೇ ಹೇಳುತ್ತದೆ, ಅಡುಗೆಯವರು ಕಲಿಯುತ್ತಾರೆ. ಇಲ್ಲಿ ತಪ್ಪು ಮಾಡಿದವನೂ ಸಾಮಾನ್ಯವಾಗಿ ಶಹಭಾಸ್ ಎನಿಸಿಕೊಂಡೇ ಮನೆಗೆ ಬರುತ್ತಾನೆ.

ಅಗೆದು ನೋಡಬಹುದಲ್ಲ ಎನ್ನುತ್ತೀರಿ. ನೋಡುತ್ತಾರೆ. ಗುಂಡಿ ತೋಡಿ, 30 ಸೆಂಟಿಮೀಟರ್ ಚೌಕದ ಹಿಮದ ಕಂಬವೊಂದನ್ನು ಸುತ್ತಲಿಂದ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ಬಡಿಯುತ್ತಾರೆ: ಹತ್ತು ಏಟು ಮಣಿಕಟ್ಟಿನಿಂದ, ಹತ್ತು ಮೊಣಕೈಯಿಂದ, ಹತ್ತು ಭುಜದಿಂದ. ಎರಡನೇ ಏಟಿಗೇ ಮೇಲ್ಭಾಗ ನುಣ್ಣಗೆ ಜಾರಿ ಬಂತೆಂದರೆ ಆ ದಿನದ ಮಾತು ಮುಗಿಯಿತು. ಮೂವತ್ತಕ್ಕೂ ಜಾರದಿದ್ದರೆ ಆ ಚೌಕದ ಸಂಗತಿ ಮಾತ್ರ ತಿಳಿಯಿತು. ಇಪ್ಪತ್ತು ಹೆಜ್ಜೆ ಆಚೆಗೆ ಪದರದ ಗುಣವೇ ಬೇರೆಯಿರಬಹುದು. ಅಂದರೆ 'ಬೇಡ' ಎನ್ನಲು ಒಂದು ಸಾಕ್ಷಿ ಸಾಕು, 'ಹೋಗೋಣ' ಎನ್ನಲು ನೂರು ಸಾಕ್ಷಿಯೂ ಸಾಲದು. ಅನುಭವಿಗಳು ಎಡವುವುದು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ.

ಹಾಗಾದರೆ ಬೆಟ್ಟವನ್ನೇ ಹತ್ತಬಾರದೆ? ಹತ್ತಬಹುದು. ಕೋನವನ್ನು ಅಳೆಯಬಹುದು, ಗಾಳಿಯ ದಿಕ್ಕು ಗೊತ್ತಾಗುತ್ತದೆ, ಬಿರುಗಾಳಿ ನಿಂತು ಎಷ್ಟು ಹೊತ್ತಾಯಿತೆಂಬುದೂ ಗೊತ್ತಿರುತ್ತದೆ. ಇವು ಕಾಣುವಂಥವು. 30 ಡಿಗ್ರಿಗಿಂತ ಕಡಿಮೆಯಿರುವ, ತಲೆಯ ಮೇಲೆ ಕಡಿದಾದ ಇಳಿಜಾರಿಲ್ಲದ ದಾರಿ ಹಿಡಿಯುವವನು ಹೂತ ಪದರದ ಬಗ್ಗೆ ಏನನ್ನೂ ಊಹಿಸಬೇಕಿಲ್ಲ. ರೋಮಾಂಚನ ಕಡಿಮೆ, ಒಪ್ಪುತ್ತೇನೆ.

ಈ ವಾದವೆಲ್ಲ ಹಿಂದಿರುಗುವ ಸ್ವಾತಂತ್ರ್ಯ ಇದ್ದವರಿಗೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಹೋಗುವುದೋ ಬೇಡವೋ ಎಂಬ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಟ್ಟಿರಲಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನಿಂದ ಹಿಮಾಲಯದ ಕೇದಾರಕಂಠಕ್ಕೆ ಚಾರಣ ಹೊರಡುವವರ ಮುಂದೆ ಆ ಪ್ರಶ್ನೆ ದಿನವೂ ಇರುತ್ತದೆ. ಆದರೆ ರಜೆ ಮುಗಿಯುತ್ತಿರುತ್ತದೆ, ವಾಪಸು ಟಿಕೆಟ್ ಬುಕ್ ಆಗಿರುತ್ತದೆ. ಗೈಡ್ 'ಇವತ್ತು ಬೇಡ' ಎಂದರೆ, ನಿನ್ನೆಯ ತಂಡ ಹೋಗಿಬಂತಲ್ಲ ಎಂದು ಕೇಳುವವನೊಬ್ಬ ಗುಂಪಿನಲ್ಲಿ ಇದ್ದೇ ಇರುತ್ತಾನೆ.